ಡ್ರಮ್ಮಿನ ಪೆಟ್ಟು ಎಲ್ಲಿ ಹೋಯಿತು?

ಒಂದೇ ಹಾಡು, ಅದೇ ವಾದ್ಯಗಾರರು, ಅದೇ ನುಡಿಸಾಣಿಕೆ. ಆದರೆ ಎರಡು ರೂಪಗಳು. ಒಂದರಲ್ಲಿ ಡ್ರಮ್ಮಿನ ಪೆಟ್ಟು ಎದೆಗೆ ತಾಗುತ್ತದೆ. ಇನ್ನೊಂದರಲ್ಲಿ ಅದೇ ಪೆಟ್ಟು ಖಾಲಿ ರಟ್ಟಿನ ಪೆಟ್ಟಿಗೆ ತಟ್ಟಿದಂತಿದೆ. ಈ ಎರಡನೆಯದೇ ಜನ ಹಣ ಕೊಟ್ಟು ಕೊಂಡ ಸಿ.ಡಿ. ಮೊದಲನೆಯದು ಮಕ್ಕಳು ಆಡುವ ಒಂದು ವಿಡಿಯೋ ಆಟದೊಳಗೆ ಬಂದದ್ದು ಎಂದರೆ ನೀವು ನಂಬುವಿರಾ?

ಅಮೆರಿಕದ ಮೆಟಾಲಿಕ ತಂಡದ ‘ಡೆತ್ ಮ್ಯಾಗ್ನೆಟಿಕ್’ ಹೊರಬಂದದ್ದು 2008ರ ಸೆಪ್ಟೆಂಬರಿನಲ್ಲಿ. ನಿರ್ಮಾಪಕರು ರಿಕ್ ರೂಬಿನ್. ಅದೇ ಸಮಯಕ್ಕೆ ಈ ಹಾಡುಗಳು ‘ಗಿಟಾರ್ ಹೀರೋ’ ಎಂಬ ಆಟಕ್ಕೂ ದೊರೆತವು. ಆಟದಲ್ಲಿ ಗಿಟಾರನ್ನೂ ಡ್ರಮ್ಮನ್ನೂ ಬೇರೆಬೇರೆಯಾಗಿ ಕೇಳಿಸಬೇಕಾದ್ದರಿಂದ ಅದರ ತಯಾರಕರಿಗೆ ಪೂರ್ತಿ ಬೆರೆಸಿದ ಹಾಡಿನ ಬದಲು ವಾದ್ಯಗಳ ಪ್ರತ್ಯೇಕ ಟ್ರ್ಯಾಕುಗಳನ್ನು ಕೊಡಲಾಗಿತ್ತು. ಕೇಳುಗರು ಎರಡನ್ನೂ ಹೋಲಿಸಿದರು. ಸಿ.ಡಿ. ಸುಮಾರು 10 ಡೆಸಿಬೆಲ್‌ನಷ್ಟು ಜೋರಾಗಿತ್ತು, ಆದರೆ ಅದರಲ್ಲಿ ಉಸಿರೇ ಇರಲಿಲ್ಲ. ಹಾಡುಗಳನ್ನು ಮತ್ತೆ ಮಿಕ್ಸ್ ಮಾಡಿಕೊಡಿ ಎಂದು ಹತ್ತು ಸಾವಿರಕ್ಕೂ ಹೆಚ್ಚು ಅಭಿಮಾನಿಗಳು ಮನವಿಗೆ ಸಹಿ ಹಾಕಿದರು. ಈ ಬಗೆಯ ಸಂಗೀತ ನನ್ನ ಮೆಚ್ಚಿನದಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಆದರೂ ಆ ಅಭಿಮಾನಿಗಳ ಕಿವಿ ಸರಿಯಾಗಿತ್ತು ಎಂಬುದೇ ನನ್ನ ಅಭಿಪ್ರಾಯ.

ಮಿಕ್ಸಿಂಗ್ ಎಂದರೆ ಏನು? ಪ್ರತಿ ವಾದ್ಯಕ್ಕೂ ಪ್ರತ್ಯೇಕ ಟ್ರ್ಯಾಕ್. ಡ್ರಮ್ಮಿಗೇ ಹತ್ತು ಹನ್ನೆರಡು ಮೈಕುಗಳಿರುವುದುಂಟು. ಇವೆಲ್ಲ ಗಣಕದ ತಂತ್ರಾಂಶದಲ್ಲಿ ಅಂಕಿಗಳ ಸಾಲುಗಳಾಗಿ ಕುಳಿತಿರುತ್ತವೆ. ಡಿಜಿಟಲ್ ಕನ್ಸೋಲಿನ ಫೇಡರನ್ನು ಮೇಲೆ ಕೆಳಗೆ ಸರಿಸುವುದೆಂದರೆ ಆ ಅಂಕಿಗಳನ್ನು ಒಂದು ಗುಣಕದಿಂದ ಗುಣಿಸುವುದು, ಅಷ್ಟೇ. ಗುಣಿಸಿದ್ದನ್ನೆಲ್ಲ ಕೂಡಿಸಿದರೆ ಎಡ ಮತ್ತು ಬಲ ಎಂಬ ಎರಡು ಸಾಲುಗಳು ಉಳಿಯುತ್ತವೆ. ಕೂಡುವಾಗ ಮಟ್ಟ ಏರುವುದು ಸಹಜ. ಪರಸ್ಪರ ಸಂಬಂಧವಿಲ್ಲದ, ಸಮಾನ ಮಟ್ಟದ ಎರಡು ಧ್ವನಿಗಳು ಸೇರಿದರೆ 3 ಡೆಸಿಬೆಲ್, ಹತ್ತು ಸೇರಿದರೆ 10 ಡೆಸಿಬೆಲ್ ಏರುತ್ತದೆ. ಆದರೆ ಸಿ.ಡಿ.ಗೆ ಒಂದು ಸೂರು ಇದೆ. ಅದರ 16 ಬಿಟ್ಟುಗಳಲ್ಲಿ ಬರೆಯಬಹುದಾದ ಅತಿ ದೊಡ್ಡ ಸಂಖ್ಯೆ 32,767. ಅದಕ್ಕಿಂತ ಎತ್ತರದ ಅಲೆ ಬಂದರೆ ಅದರ ನೆತ್ತಿ ಚಪ್ಪಟೆಯಾಗುತ್ತದೆ. ಹಾಗಾಗದಿರಲೆಂದು ಲಿಮಿಟರ್ ಎಂಬ ಸಾಧನ ಎತ್ತರದ ಅಲೆಗಳನ್ನು ತಗ್ಗಿಸುತ್ತದೆ. ತಗ್ಗಿಸಿದ ಮೇಲೆ ಸಿಕ್ಕ ಜಾಗದಲ್ಲಿ ಉಳಿದದ್ದೆಲ್ಲವನ್ನೂ ಮೇಲಕ್ಕೆತ್ತಬಹುದು. ಈ ಆಟ ಮಿತಿಯಲ್ಲಿದ್ದರೆ ಒಳ್ಳೆಯದೇ. ‘ಡೆತ್ ಮ್ಯಾಗ್ನೆಟಿಕ್’ನಲ್ಲಿ ಅದು ಮಿತಿ ಮೀರಿತು.

ಇಲ್ಲಿ ಜಾಣ ಓದುಗರೊಬ್ಬರು ಆಕ್ಷೇಪಿಸಬಹುದು: ‘ಈ ಸಂಗೀತದ ಗಿಟಾರ್ ಧ್ವನಿಯೇ ವಿಕೃತಗೊಳಿಸಿದ್ದಲ್ಲವೆ? ಆಂಪ್ಲಿಫೈಯರನ್ನು ಅತಿಯಾಗಿ ದೂಡಿ ಅಲೆಯ ನೆತ್ತಿ ಕತ್ತರಿಸಿಯೇ ಆ ಗೊಗ್ಗರು ನಾದ ಪಡೆಯುತ್ತಾರೆ. ಸಿ.ಡಿ.ಯಲ್ಲಿ ಇನ್ನಷ್ಟು ಕತ್ತರಿಸಿದರೆ ನಷ್ಟವೇನು?’ ಪ್ರಶ್ನೆ ನ್ಯಾಯವಾದದ್ದು. ಉತ್ತರ ಇಡೀ ವಿಷಯದ ತಿರುಳು.

ಗಿಟಾರೊಂದನ್ನೇ ಕತ್ತರಿಸಿದಾಗ ಹುಟ್ಟುವ ಹೊಸ ಸ್ವರಗಳು ಆ ಗಿಟಾರಿನವೇ. ವಾದಕ ಅದನ್ನು ಕೇಳುತ್ತಲೇ ನುಡಿಸುತ್ತಾನೆ, ಬೆರಳಿನ ಒತ್ತಡವನ್ನು ಅದಕ್ಕೆ ತಕ್ಕಂತೆ ಬದಲಿಸುತ್ತಾನೆ. ಆದರೆ ಎಲ್ಲವನ್ನೂ ಬೆರೆಸಿದ ಮೇಲೆ ಕತ್ತರಿಸಿದರೆ ಒಂದು ವಾದ್ಯ ಇನ್ನೊಂದನ್ನು ಕೆಡಿಸುತ್ತದೆ. ಡ್ರಮ್ಮಿನಲ್ಲಿ 100 ಹರ್ಟ್ಸ್‌ನ ಪೆಟ್ಟು, ಅದೇ ಕ್ಷಣಕ್ಕೆ ಗಾಯಕನ ಕಂಠದಲ್ಲಿ 1000 ಹರ್ಟ್ಸ್‌ನ ಅಂಶ ಇದೆಯೆನ್ನಿ. ಕೂಡಿದ ಅಲೆಯ ಎರಡೂ ಬದಿಗಳನ್ನು ಕತ್ತರಿಸಿದರೆ 800, 1200 ಹರ್ಟ್ಸ್‌ನ ಸ್ವರಗಳೂ ಹುಟ್ಟಿಕೊಳ್ಳುತ್ತವೆ. ಅವನ್ನು ಯಾರೂ ನುಡಿಸಿಲ್ಲ, ಯಾರೂ ಹಾಡಿಲ್ಲ. ಪ್ರತಿ ಪೆಟ್ಟಿಗೂ ಕಂಠ ಒಡೆದಂತೆ ಕೇಳುವುದು ಇದರಿಂದಲೇ. ಇಷ್ಟಕ್ಕೇ ಮುಗಿಯಲಿಲ್ಲ. ಸಿ.ಡಿ.ಯ ಧ್ವನಿಯಲ್ಲಿ ಸೆಕೆಂಡಿಗೆ 44,100 ಮಾದರಿಗಳು. ಅದರ ಅರ್ಧಕ್ಕಿಂತ ಹೆಚ್ಚಿನ ಆವೃತ್ತಿ ಅಲ್ಲಿ ನಿಲ್ಲಲಾರದು. ಈ ಅಂಕಿಗಳನ್ನೇ ನೇರವಾಗಿ ಕತ್ತರಿಸಿದಾಗ, 9000 ಹರ್ಟ್ಸ್‌ನ ತಾಳದ ತಟ್ಟೆಯ ಧ್ವನಿಯಿಂದ ಹುಟ್ಟುವ 27,000 ಹರ್ಟ್ಸ್‌ನ ಮೂರನೆಯ ಸಂವಾದಿ ಹಿಂದಕ್ಕೆ ಮಡಚಿಕೊಂಡು 17,100 ಹರ್ಟ್ಸ್‌ನಲ್ಲಿ ಬಂದು ಕೂರುತ್ತದೆ. ಮೂಲ ಸ್ವರಕ್ಕೂ ಇದಕ್ಕೂ ಯಾವ ಶ್ರುತಿಸಂಬಂಧವೂ ಇಲ್ಲ. ಕೊಳವೆಯ ಆಂಪ್ಲಿಫೈಯರ್ ಎಂದೂ ಹೀಗೆ ಮಾಡದು.

ಕಲೆಯ ದೃಷ್ಟಿಯಿಂದ ನಷ್ಟ ಇನ್ನೂ ದೊಡ್ಡದು. ‘ದಿ ಡೇ ದಟ್ ನೆವರ್ ಕಮ್ಸ್’ ಸುಮಾರು ಎಂಟು ನಿಮಿಷದ ಹಾಡು. ತಿಳಿಯಾದ ಗಿಟಾರಿನಿಂದ ಮೆಲ್ಲಗೆ ಆರಂಭವಾಗಿ ಕೊನೆಗೆ ಭೋರ್ಗರೆಯುವಂತೆ ಅದನ್ನು ಕಟ್ಟಲಾಗಿದೆ. ಭೋರ್ಗರೆತಕ್ಕೆ ಅರ್ಥ ಬರುವುದು ಮೊದಲಿನ ಮೆಲುದನಿಯಿಂದ. ಆದರೆ ಸಿ.ಡಿ.ಯಲ್ಲಿ ಆರಂಭದ ಭಾಗವೇ ಸೂರಿನ ಸಮೀಪಕ್ಕೆ ಬಂದುಬಿಟ್ಟಿದೆ, ಮುಂದೆ ಏರಲು ಮೆಟ್ಟಿಲೇ ಉಳಿದಿಲ್ಲ. ಕೊನೆಯ ಭಾಗ ಜೋರಾಗುವ ಬದಲು ಒತ್ತೊತ್ತಾಗುತ್ತದೆ. ಇದು ಸಂಯೋಜಕರ ತಪ್ಪಲ್ಲ, ಅವರು ಮೆಟ್ಟಿಲು ಕಟ್ಟಿಯೇ ಕೊಟ್ಟಿದ್ದರು.

ಹಾಗಾದರೆ ತಪ್ಪು ಯಾರದು? ಕೊನೆಯ ಹಂತದ ಮಾಸ್ಟರಿಂಗ್ ಮಾಡಿದ ಟೆಡ್ ಜೆನ್ಸನ್, ತಮ್ಮ ಕೈಗೆ ಬರುವ ಮೊದಲೇ ಮಿಕ್ಸುಗಳು ಗೋಡೆಗೆ ಒತ್ತಿದಂತಿದ್ದವು ಎಂದು ತಿಳಿಸಿದರು. ತಂಡದ ಡ್ರಮ್ ವಾದಕ ಲಾರ್ಸ್ ಉಲ್‌ರಿಕ್ ಮಾತ್ರ ಆ ಧ್ವನಿಯನ್ನು ಸಮರ್ಥಿಸಿಕೊಂಡರು. ತನ್ನ ಪೆಟ್ಟೇ ಕಳೆದುಹೋದಾಗ ಡ್ರಮ್ ವಾದಕ ಸುಮ್ಮನಿರುವುದು ನನಗಂತೂ ವಿಚಿತ್ರವೆನಿಸುತ್ತದೆ!

ಉಪಕರಣವನ್ನು ದೂರುವಂತಿಲ್ಲ. 24 ಬಿಟ್ಟಿನ ಮುದ್ರಣದಲ್ಲಿ ಸೈದ್ಧಾಂತಿಕವಾಗಿ 144 ಡೆಸಿಬೆಲ್ ಹರವು ಇದೆ. 32 ಬಿಟ್ಟಿನ ತೇಲುಬಿಂದು ಗಣಿತ ಬಳಸುವ ತಂತ್ರಾಂಶದೊಳಗೆ ಕೂಡುವಾಗ ಅಲೆ ಕತ್ತರಿಸಿಹೋಗುವ ಭಯವೇ ಇಲ್ಲ. ಟೇಪಿನ ಕಾಲದವರು ಕನಸಿನಲ್ಲೂ ಕಾಣದಷ್ಟು ಜಾಗ ಕೈಗೆ ಬಂದ ಮೇಲೆ, ಅದರ ಮೇಲ್ತುದಿಯ ಕೆಲವೇ ಡೆಸಿಬೆಲ್‌ಗಳಲ್ಲಿ ಎಲ್ಲವನ್ನೂ ತುರುಕಿದ್ದು ಮನುಷ್ಯರ ನಿರ್ಧಾರ. ಅದಕ್ಕೆ ಕಿವಿಯ ಒಂದು ದೌರ್ಬಲ್ಯವೂ ನೆರವಾಗುತ್ತದೆ. ಮೆಲುದನಿಯಲ್ಲಿ ನಮ್ಮ ಕಿವಿಗೆ ಮಂದ್ರ ಸ್ವರಗಳು ಕಡಿಮೆ ಕೇಳಿಸುತ್ತವೆ, ಜೋರು ಮಾಡಿದರೆ ತುಂಬಿಕೊಂಡಂತೆ ಕೇಳಿಸುತ್ತವೆ. ಇದನ್ನು ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಅಳೆದು ತೋರಿಸಿದ್ದರು. ಹಾಗಾಗಿ ಎರಡು ಮಿಕ್ಸುಗಳನ್ನು ಒಂದರ ಹಿಂದೊಂದು ಕೇಳಿಸಿದರೆ ಜೋರಾದದ್ದೇ ಚೆನ್ನಾಗಿದೆ ಎನ್ನಿಸಿಬಿಡುತ್ತದೆ. ಕನ್ಸೋಲಿನ ಮುಂದೆ ಕುಳಿತವರೂ ಇದಕ್ಕೆ ಹೊರತಲ್ಲ. ರಾತ್ರಿ ಹತ್ತರ ಹೊತ್ತಿಗೆ ಒಂದೊಂದೇ ಫೇಡರು ಮೇಲೇರುತ್ತ ಹೋಗುತ್ತದೆ.

ಈ ಪೈಪೋಟಿಗೆ ಈಗ ಅರ್ಥವೂ ಉಳಿದಿಲ್ಲ. ಜೋರನ್ನು ಕಿವಿಗೆ ಹತ್ತಿರವಾಗಿ ಅಳೆಯುವ ವಿಧಾನವನ್ನು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ 2006ರಲ್ಲೇ ಪ್ರಕಟಿಸಿತು. ಇಂದು ಅಂತರಜಾಲದ ಸಂಗೀತ ಸೇವೆಗಳು ಅದೇ ಬಗೆಯ ಅಳತೆಯಿಂದ ಜೋರಾದ ಹಾಡನ್ನು ತಾವೇ ತಗ್ಗಿಸಿ ಕೇಳಿಸುತ್ತವೆ. ಆಗ ಜೋರು ಹೋಗುತ್ತದೆ, ಚಪ್ಪಟೆಯಾದ ನೆತ್ತಿ ಮಾತ್ರ ಹಾಗೇ ಉಳಿಯುತ್ತದೆ.

ನೀವೇ ಪರೀಕ್ಷಿಸಿ ನೋಡಿ. ಅಡಾಸಿಟಿ ಎಂಬ ಉಚಿತ ತಂತ್ರಾಂಶ ಸಾಕು. ಈ ಸಿ.ಡಿ.ಯ ಒಂದು ಹಾಡನ್ನೂ, ಇದೇ ತಂಡದ 1986ರ ‘ಮಾಸ್ಟರ್ ಆಫ್ ಪಪೆಟ್ಸ್’ನ ಹಳೆಯ ಸಿ.ಡಿ.ಯ ಒಂದು ಹಾಡನ್ನೂ ತೆರೆಯಿರಿ. ಒಂದು ಇಟ್ಟಿಗೆಯಂತೆ, ಇನ್ನೊಂದು ಬಾಚಣಿಗೆಯಂತೆ ಕಾಣುತ್ತದೆ. ಕಣ್ಣನ್ನು ನಂಬಿ ಅಲ್ಲಿಗೇ ನಿಲ್ಲಿಸಬೇಡಿ. 2008ರ ಹಾಡಿನ ಮಟ್ಟವನ್ನು ಎರಡೂ ಸಮನಾಗಿ ಕೇಳಿಸುವಷ್ಟು ಇಳಿಸಿ. ನಂತರ ಕಣ್ಣು ಮುಚ್ಚಿ, ಡ್ರಮ್ಮಿನ ಪೆಟ್ಟನ್ನಷ್ಟೇ ಹಿಂಬಾಲಿಸಿ ಕೇಳಿ.