ತಂತಿ ಮೀಟಿ ನೋಡಿ

ಎರಡು ರೆಕ್ಕೆಯ ಹಳೇ ವಿಮಾನದ ಮಾಡೆಲ್ ಯಾರಾದ್ರೂ ಕಟ್ಟಿ ತೋರಿಸಿದ್ರೆ ಜನ ಮೊದಲು ಬಣ್ಣ ನೋಡ್ತಾರೆ. ಆಮೇಲೆ ಕಾಕ್‌ಪಿಟ್ಟಿನಲ್ಲಿ ಕೂತಿರೋ ಪೈಲಟ್ ಗೊಂಬೆ, ಅದರ ಕನ್ನಡಕ, ಕುತ್ತಿಗೆಯ ಮಫ್ಲರು. ಒಂದು ಫೋಟೋ, ಒಂದು ರೀಲು, ಮುಗೀತು. ನಾನು ಮಾತ್ರ ಎರಡೂ ರೆಕ್ಕೆಗಳ ನಡುವೆ ಓರೆಯಾಗಿ ಹೋಗಿರೋ ತಂತಿಗಳನ್ನ ಬೆರಳಲ್ಲಿ ಮೀಟ್ತೀನಿ. ಟಣ್ ಅಂದ್ರೆ ಕೂತು ಮಾತಾಡ್ತೀನಿ. ರಬ್ಬರಿನ ಹಾಗೆ ಹಿಗ್ಗಿ ವಾಪಸ್ ಬಂದ್ರೆ ಕಾಫಿ ಕುಡಿದು, "ಬಣ್ಣ ಚೆನ್ನಾಗಿದೆ" ಅಂತ ಹೇಳಿ ಎದ್ದು ಬರ್ತೀನಿ.

ಯಾಕೆ ಇಷ್ಟು ಕೊಂಕು ಅಂತ ಕೇಳಬಹುದು. ಹೇಳ್ತೀನಿ. ವಿಮಾನಕ್ಕೆ ಆ ಕಾಲದಲ್ಲಿ ಎರಡು ರೆಕ್ಕೆ ಇಟ್ಟಿದ್ದು ಚಂದಕ್ಕಲ್ಲ. ಅಮೆರಿಕಾದಲ್ಲಿ ಆಕ್ಟೇವ್ ಚಾನ್ಯೂಟ್ ಅಂತ ಒಬ್ಬ ಸಿವಿಲ್ ಎಂಜಿನಿಯರ್ ಇದ್ದ. ರೈಲ್ವೆ ಸೇತುವೆ ಕಟ್ಟಿ ಹೆಸರು ಮಾಡಿದವನು. 1896ರಲ್ಲಿ ಅವನು ಗ್ಲೈಡರ್ ಮಾಡಿಸಿದಾಗ ಸೇತುವೆಯ ಲೆಕ್ಕವನ್ನೇ ಎತ್ತಿಕೊಂಡು ಬಂದು ರೆಕ್ಕೆಗೆ ಹಾಕಿದ. ಮೇಲೊಂದು ರೆಕ್ಕೆ, ಕೆಳಗೊಂದು ರೆಕ್ಕೆ, ನಡುವೆ ಕಂಬ, ಕಂಬದಿಂದ ಕಂಬಕ್ಕೆ ಓರೆ ತಂತಿ. ಕಂಬ ಒತ್ತಡ ತಡೆಯುತ್ತೆ, ತಂತಿ ಎಳೆತ ತಡೆಯುತ್ತೆ. ರೈಟ್ ಸೋದರರು ಇದನ್ನೇ ಮುಂದುವರಿಸಿದರು. ತೆಳ್ಳಗಿನ ಮರ, ಬಟ್ಟೆ, ಒಂದಿಷ್ಟು ತಂತಿ, ಇಷ್ಟರಲ್ಲೇ ಮನುಷ್ಯನನ್ನ ಹೊರುವಷ್ಟು ಗಟ್ಟಿ ಆಗೋಕೆ ಇದೇ ಕಾರಣ. ಹಾರುವಾಗ ರೆಕ್ಕೆ ಮೇಲಕ್ಕೆ ಮಡಚಿಕೊಳ್ಳೋಕೆ ನೋಡುತ್ತೆ, ಆಗ ಒಂದು ಜೊತೆ ತಂತಿ ಹಿಡಿದು ನಿಲ್ಲಿಸುತ್ತೆ. ನೆಲದ ಮೇಲೆ ನಿಂತಾಗ ರೆಕ್ಕೆ ಕೆಳಕ್ಕೆ ಜೋಲುತ್ತೆ, ಆಗ ಇನ್ನೊಂದು ಜೊತೆಯ ಸರದಿ.

ಅಂದ್ರೆ ಬೈಪ್ಲೇನು ಅನ್ನೋದು ಹಾರೋ ಸೇತುವೆ. ಅದರಲ್ಲಿ ತಂತಿ ಸುಳ್ಳಾದ್ರೆ ಉಳಿಯೋದು ಏನು?

ಈಗಿನ ಮಾಡೆಲ್‌ಗಳಲ್ಲಿ ಬಹುಪಾಲು ತಂತಿ ಸುಳ್ಳೇ. ರೆಕ್ಕೆಯೊಳಗೆ ದಪ್ಪ ಕಾರ್ಬನ್ ಕೊಳವೆ ತೂರಿಸ್ತಾರೆ, ಭಾರವೆಲ್ಲ ಅದೇ ಹೊರುತ್ತೆ. ಹೊರಗಡೆ ಎಲಾಸ್ಟಿಕ್ ದಾರಕ್ಕೆ ಬೆಳ್ಳಿ ಬಣ್ಣ ಬಳಿದು ಕಟ್ಟಿಬಿಡ್ತಾರೆ. ಅನುಕೂಲ ಇದೆ, ಇಲ್ಲ ಅನ್ನಲ್ಲ. ಐದು ನಿಮಿಷದಲ್ಲಿ ರೆಕ್ಕೆ ಬಿಚ್ಚಿ ಕಾರಿಗೆ ಹಾಕಬಹುದು. ಆದರೆ ನಮ್ಮೂರಲ್ಲಿ ಎತ್ತಿನಗಾಡಿ ಮಾಡ್ತಿದ್ದ ಬಡಗಿಗಳು ಚಕ್ರಕ್ಕೆ ಕಬ್ಬಿಣದ ಪಟ್ಟಿಯನ್ನ ಕೆಂಪಗೆ ಕಾಯಿಸಿ ತೊಡಿಸ್ತಿದ್ರು. ಅದು ತಣ್ಣಗಾಗ್ತಾ ಕುಗ್ಗಿ, ಮರದ ಅಷ್ಟೂ ತುಂಡುಗಳನ್ನ ಬಿಗಿಯಾಗಿ ಹಿಡಿದುಕೊಳ್ಳೋದು. ಪಟ್ಟಿ ಇಲ್ಲದ ಚಕ್ರಕ್ಕೆ ಕಪ್ಪು ಬಣ್ಣದಲ್ಲಿ ಪಟ್ಟಿ ಬರೆದ್ರೆ ಅದನ್ನ ಯಾರೂ ಗಾಡಿ ಅನ್ನೋದಿಲ್ಲ, ಗಣೇಶನ ಪೆಂಡಾಲ್ ಡೆಕೊರೇಶನ್ ಅಂತಾರೆ.

ಇತ್ತೀಚೆಗೆ ವಿಜಯನಗರದ ಗೆಳೆಯರೊಬ್ಬರು ಕಟ್ಟಿದ ಟೈಗರ್ ಮಾತ್ ನೋಡಿದೆ. ಐದರಲ್ಲೊಂದು ಅಳತೆ. ಕಿಟ್ ಅಲ್ಲ, ಹಲಗೆಯಿಂದಲೇ ಶುರು ಮಾಡಿದ್ದು. ಅದನ್ನ ಇಟ್ಟುಕೊಂಡೇ ಮಾತಾಡೋಣ, ಯಾಕಂದ್ರೆ ಅದರಲ್ಲಿ ಹೊಗಳೋಕೂ ಇದೆ, ಜಗಳ ಆಡೋಕೂ ಇದೆ.

ಡಿ ಹ್ಯಾವಿಲ್ಯಾಂಡ್ ಕಂಪನಿಯ ಟೈಗರ್ ಮಾತ್ ಮೊದಲು ಹಾರಿದ್ದು 1931ರಲ್ಲಿ. ಬ್ರಿಟಿಷರ ಕಾಲದಲ್ಲಿ ನಮ್ಮ ವಾಯುಪಡೆಯ ಹುಡುಗರು ಹಾರೋದು ಕಲಿತದ್ದು ಅದರಲ್ಲಿ, ಸ್ವಾತಂತ್ರ್ಯ ಬಂದಮೇಲೆ ಫ್ಲೈಯಿಂಗ್ ಕ್ಲಬ್ಬುಗಳು ನಡೆದದ್ದೂ ಅದರಲ್ಲೇ. ಬ್ರೇಕ್ ಇಲ್ಲ, ಹಿಂದೆ ಚಕ್ರದ ಬದಲು ಒಂದು ಕೊಕ್ಕೆ. ಪೆಟ್ರೋಲ್ ಟ್ಯಾಂಕು ಮೇಲಿನ ರೆಕ್ಕೆಯ ಮಧ್ಯದಲ್ಲಿ, ತಲೆ ಮೇಲೆ. ಹಿಂದಿನ ಮಾತ್‌ಗಳಲ್ಲಿ ಮುಂದಿನ ಸೀಟಿನ ಸುತ್ತ ಕಂಬಗಳು ಇದ್ದದ್ದರಿಂದ ಪ್ಯಾರಾಶೂಟ್ ಹಾಕಿಕೊಂಡ ಮೇಷ್ಟ್ರು ಆಪತ್ತಿನಲ್ಲಿ ಹೊರಗೆ ಹಾರೋದು ಕಷ್ಟ ಇತ್ತು. ಅದಕ್ಕೆ ಮೇಲಿನ ರೆಕ್ಕೆಯನ್ನ ಮುಂದಕ್ಕೆ ಸರಿಸಿದರು. ಸರಿಸಿದ್ದರಿಂದ ತೂಕದ ಲೆಕ್ಕ ತಪ್ಪಿತು. ಅದನ್ನ ಸರಿಮಾಡೋಕೆ ರೆಕ್ಕೆಗಳ ತುದಿಯನ್ನ ಹಿಂದಕ್ಕೆ ಓರೆ ಮಾಡಿದರು. ಇವತ್ತು ನಾವು "ಏನ್ ಸ್ಟೈಲಾಗಿದೆ" ಅನ್ನೋ ಆ ಓರೆ ರೆಕ್ಕೆ ಹುಟ್ಟಿದ್ದು ಹೀಗೆ. ಬಗ್ ಫಿಕ್ಸ್ ಮಾಡೋಕೆ ಹೋಗಿ ಇನ್ನೊಂದು ಬಗ್, ಅದಕ್ಕೊಂದು ಫಿಕ್ಸ್. ನಮ್ಮ ಆಫೀಸಿನ ಕಥೆನೇ.

ಗೆಳೆಯರ ಮಾಡೆಲ್ಲಿನ ತಂತಿ ನಿಜವಾದದ್ದು. ಬಿಗಿ ಮಾಡೋಕೆ ಬೇಕಾದ ಪುಟ್ಟ ಹಿತ್ತಾಳೆ ತಿರುಪುಗಳನ್ನ ಕಾಮಾಕ್ಷಿಪಾಳ್ಯದ ಒಂದು ಲೇತ್ ಅಂಗಡಿಯಲ್ಲಿ ಕೂತು ಮಾಡಿಸಿದ್ದಾರೆ. ಮಿಲಿಮೀಟರ್ ಲೆಕ್ಕದ ಇಂಥ ಕೆಲಸ ತಂದ ಗಿರಾಕಿ ಇವರೊಬ್ಬರೇ ಅಂತ ಅಂಗಡಿಯವರು ನಕ್ಕರಂತೆ, ಆದರೆ ಅಚ್ಚುಕಟ್ಟಾಗಿ ಮಾಡಿಕೊಟ್ಟರು. ತಂತಿ ಭಾರ ಹೊರುತ್ತೆ ಅನ್ನೋ ಧೈರ್ಯ ಇದ್ದದ್ದರಿಂದ ರೆಕ್ಕೆಯೊಳಗಿನ ಮರ ತೆಳುವಾಗಿದೆ. ಮೀಟಿದೆ. ಎಡಗಡೆಯ ಸದ್ದೂ ಬಲಗಡೆಯ ಸದ್ದೂ ಒಂದೇ. ತಂಬೂರಿ ಶ್ರುತಿ ಮಾಡಿದ ಹಾಗೆ.

ಏಲರಾನ್ ವಿಷಯದಲ್ಲೂ ಅವರು ಪ್ರಾಮಾಣಿಕರು. ಟೈಗರ್ ಮಾತ್‌ನಲ್ಲಿ ಏಲರಾನ್ ಇರೋದು ಕೆಳಗಿನ ರೆಕ್ಕೆಯಲ್ಲಿ ಮಾತ್ರ. ಮೇಲಕ್ಕೆ ಜಾಸ್ತಿ ಏಳುತ್ತೆ, ಕೆಳಕ್ಕೆ ಇಳಿಯೋದು ಬಹಳ ಕಡಿಮೆ. ಹಾಗಾಗಿ ಆ ವಿಮಾನ ವಾಲೋದರಲ್ಲಿ ಸ್ವಲ್ಪ ಸೋಮಾರಿ. ಕಾಲಲ್ಲಿ ರಡರ್ ಒತ್ತದೆ ಕೋಲು ಮಾತ್ರ ತಿರುಗಿಸಿದ್ರೆ ಮೂಗು ಒಂದು ಕಡೆ, ದೇಹ ಒಂದು ಕಡೆ. ಅದು ಕಲಿಸೋ ವಿಮಾನ ಆದದ್ದೇ ಆ ಸೋಮಾರಿತನದಿಂದ. ಮಾಡೆಲ್ ಕಟ್ಟೋರು ಇದನ್ನ ತೊಂದರೆ ಅಂದುಕೊಂಡು ಮೇಲಿನ ರೆಕ್ಕೆಗೂ ಏಲರಾನ್ ಹಾಕಿಬಿಡ್ತಾರೆ. ಹಾಕಿದ ಮೇಲೆ ಅದು ಟೈಗರ್ ಮಾತ್ ವೇಷ ಹಾಕಿದ ಇನ್ಯಾವುದೋ ವಿಮಾನ. ನಮ್ಮ ಗೆಳೆಯರು ಹಾಕಿಲ್ಲ. ತಿರುಗಿಸುವಾಗ ಎಡಗೈಯಲ್ಲಿ ರಡರ್ ಕೊಡ್ತಾರೆ, ಕೊಡೋಕೆ ಕಲಿತಿದ್ದಾರೆ.

ಜಗಳ ಇರೋದು ಮೋಟರಿನಲ್ಲಿ.

ಲೆಕ್ಕ ಹಾಕೋಣ, ಸ್ವಲ್ಪ ತಾಳ್ಮೆ ಇರಲಿ. ಅಸಲಿ ವಿಮಾನದ ಪೂರ್ತಿ ತೂಕ ಸುಮಾರು 828 ಕೆಜಿ, ಎಂಜಿನ್ 130 ಅಶ್ವಶಕ್ತಿಯ ಜಿಪ್ಸಿ ಮೇಜರ್, ಗರಿಷ್ಠ ವೇಗ ಗಂಟೆಗೆ ಸುಮಾರು 175 ಕಿಮೀ. ಉದ್ದ ಐದರಲ್ಲೊಂದು ಆದ್ರೆ ರೆಕ್ಕೆಯ ವಿಸ್ತೀರ್ಣ 25ರಲ್ಲೊಂದು, ತೂಕ 125ರಲ್ಲೊಂದು. ಅಂದ್ರೆ ಮಾಡೆಲ್ 6.6 ಕೆಜಿ ತೂಗಬೇಕು. ವೇಗ ಐದರ ವರ್ಗಮೂಲದಷ್ಟು ಇಳಿಯುತ್ತೆ, 78 ಕಿಮೀ ಆಗುತ್ತೆ. ಶಕ್ತಿ ಅಂದ್ರೆ ತೂಕ ಗುಣಿಸು ವೇಗ, ಅಸಲಿಯ 97 ಕಿಲೋವ್ಯಾಟ್ ಇಳಿದು ಇಳಿದು 350 ವ್ಯಾಟಿಗೆ ಬಂದು ನಿಲ್ಲುತ್ತೆ. ನಿಮ್ಮ ಅಡುಗೆಮನೆಯ ಮಿಕ್ಸಿಗಿಂತ ಕಡಿಮೆ! ಚಿಕ್ಕ ರೆಕ್ಕೆಗೆ ಗಾಳಿ ಹೆಚ್ಚು ಅಂಟಂಟು, ಮೋಟರಿನಲ್ಲೂ ಒಂದಿಷ್ಟು ನಷ್ಟ, ಅದನ್ನೆಲ್ಲ ಸೇರಿಸಿ 600 ವ್ಯಾಟ್ ಇಟ್ಟುಕೊಳ್ಳಿ. ಗೆಳೆಯರು ಹಾಕಿರೋದು 1600.

"ಸೇಫ್ಟಿಗೆ ಇರಲಿ" ಅಂದರು. ಎಲ್ಲರೂ ಹಾಗೇ ಅನ್ನೋದು. ಆದರೆ ಅಷ್ಟು ಶಕ್ತಿ ಕೈಲಿದ್ರೆ ಥ್ರಾಟಲ್ ಮೇಲಿನ ಬೆರಳು ಸುಮ್ಮನಿರಲ್ಲ. ವಿಮಾನ ಓಡಿ, ಬಾಲ ಎತ್ತಿ, ಯೋಚನೆ ಮಾಡಿ ನೆಲ ಬಿಡೋ ಬದಲು ಲಿಫ್ಟಿನಲ್ಲಿ ಹೋದ ಹಾಗೆ ಮೇಲೆ ಹೋಗುತ್ತೆ. ಕಣ್ಣಿಗೆ ಅದು ಆಟಿಕೆ ಅಂತ ತಕ್ಷಣ ಗೊತ್ತಾಗೋದು ಅಲ್ಲೇ. ದೊಡ್ಡ ಮೋಟರಿಗೆ ದೊಡ್ಡ ಬ್ಯಾಟರಿ, ಅದಕ್ಕೆ ಗಟ್ಟಿ ಮೂಗು. ತೂಕ 7.4 ಕೆಜಿಗೆ ಹೋಗಿದೆ. ತೆಳುವಾದ ರೆಕ್ಕೆಯಲ್ಲಿ ಉಳಿಸಿದ್ದನ್ನ ಮೂಗಿನಲ್ಲಿ ಖರ್ಚು ಮಾಡಿದ್ದಾರೆ. ತಂತಿಗೆ ಅಷ್ಟು ಮರ್ಯಾದೆ ಕೊಟ್ಟ ಮನುಷ್ಯ ನಿಧಾನಕ್ಕೆ ಮರ್ಯಾದೆ ಕೊಡಲಿಲ್ಲ ಅನ್ನೋದು ನನ್ನ ಬೇಜಾರು.

'ಸ್ಕ್ರಾಚ್ ಬಿಲ್ಡ್' ಅನ್ನೋ ಮಾತಿನ ಬಗ್ಗೆಯೂ ಒಂದು ಚರ್ಚೆ ಇದೆ. ರಾಜಾಜಿನಗರ ಇಂಡಸ್ಟ್ರಿಯಲ್ ಎಸ್ಟೇಟಿಗೆ ಪೆನ್‌ಡ್ರೈವ್ ತಗೊಂಡು ಹೋದ್ರೆ ಲೇಸರಿನಲ್ಲಿ ಎಲ್ಲ ತುಂಡೂ ಕತ್ತರಿಸಿ ಕೊಡ್ತಾರೆ, ಇದೆಂಥ ಸ್ಕ್ರಾಚು ಅಂತ ಹಳಬರು ಗೊಣಗ್ತಾರೆ. ನನಗೆ ಇದು ಒಪ್ಪಿಗೆಯಿಲ್ಲ. ಬ್ಲೇಡಿನಲ್ಲಿ ಕೊಯ್ದರೋ ಲೇಸರಿನಲ್ಲೋ ಅನ್ನೋದು ಮುಖ್ಯ ಅಲ್ಲ. ಈ ತುಂಡು ಇಲ್ಲಿ ಯಾಕಿದೆ, ಇದನ್ನ ತೆಗೆದ್ರೆ ಯಾವುದು ಮುರಿಯುತ್ತೆ ಅಂತ ಕೇಳಿದ್ರೆ ಉತ್ತರ ಇದೆಯಾ? ಇದ್ರೆ ಅದು ನಿಮ್ಮದು. ನೆಟ್ಟಿನಿಂದ ಇಳಿಸಿದ ಪ್ಲಾನನ್ನ ಅರ್ಥ ಮಾಡಿಕೊಳ್ಳದೆ ಕೈಯಲ್ಲೇ ಕೊಯ್ದರೂ ಅದು ಕಾಪಿ ಪೇಸ್ಟೇ. ಗಾಳಿಪಟ ಎಲ್ಲರೂ ಅಂಟಿಸ್ತಾರೆ, ಸೂತ್ರ ಕಟ್ಟೋಕೆ ಬರೋ ಹುಡುಗ ಬೀದಿಗೊಬ್ಬ.

ಪ್ಲಾನ್ ಅಂದಾಗ ಒಂದು ಲೋಕಲ್ ಸಂಗತಿ ಹೇಳಲೇಬೇಕು. ವೈಮಾನಿಕ ಶಾಸ್ತ್ರದ ವಿಮಾನಗಳ ಚಿತ್ರಗಳನ್ನ ನೋಡಿರ್ತೀರಿ, ವಾಟ್ಸಾಪಿನಲ್ಲಿ ವರ್ಷಕ್ಕೆರಡು ಸಲ ಬರುತ್ತೆ. ಅವುಗಳನ್ನ ಬರೆದವರು ಎಲ್ಲಪ್ಪ ಅನ್ನೋ ನಮ್ಮ ಬೆಂಗಳೂರಿನ ಡ್ರಾಫ್ಟ್ಸ್‌ಮನ್, ಆನೇಕಲ್ಲಿನ ಸುಬ್ಬರಾಯ ಶಾಸ್ತ್ರಿಗಳು ಹೇಳಿದಂತೆ. 1974ರಲ್ಲಿ ಐಐಎಸ್‌ಸಿಯ ಎಚ್.ಎಸ್. ಮುಕುಂದ ಮತ್ತು ಅವರ ನಾಲ್ವರು ಸಹೋದ್ಯೋಗಿಗಳು ಕೂತು ಆ ಪಠ್ಯವನ್ನೂ ಚಿತ್ರಗಳನ್ನೂ ಪರೀಕ್ಷೆ ಮಾಡಿದರು. ಪಠ್ಯ 1904ಕ್ಕಿಂತ ಹಿಂದಿನದಲ್ಲ, ಅದರ ಯಾವ ವಿಮಾನಕ್ಕೂ ಹಾರೋ ಗುಣ ಇಲ್ಲ ಅಂತ ಬರೆದರು. ನನಗೆ ಆ ಲೇಖನದಲ್ಲಿ ಇಷ್ಟ ಆಗೋದು ಅದರ ಮರ್ಯಾದೆ. ಗೇಲಿ ಮಾಡಿ ಕೈ ತೊಳೆದುಕೊಳ್ಳಲಿಲ್ಲ. ಪ್ಲಾನ್ ಅಂತ ಕರೆದಿದ್ದೀರಾ, ಹಾಗಾದ್ರೆ ಪ್ಲಾನ್ ಥರಾನೇ ಓದ್ತೀವಿ ಅಂತ ತೂಕ, ಶಕ್ತಿ, ಆಕಾರ ಎಲ್ಲ ನೋಡಿದರು. ಎಲ್ಲಪ್ಪನವರ ಗೆರೆ ಬಹಳ ಚೆಂದ, ಅದರಲ್ಲಿ ಎರಡು ಮಾತಿಲ್ಲ. ಆದರೆ ಚೆಂದದ ಗೆರೆ ಎಳೆತ ತಡೆಯಲ್ಲ.

ಇದಕ್ಕೆ ಪೂರ್ತಿ ತದ್ವಿರುದ್ಧ ಒಂದು ಉದಾಹರಣೆ ಇದೆ. ಕಸ್ತೂರ್ಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಮ್ಮಿಗೆ ಸ್ಕೂಲ್ ಟ್ರಿಪ್ಪಿನಲ್ಲಿ ಹೋದವರು ರೈಟ್ ಸೋದರರ 1903ರ ವಿಮಾನದ ಪೂರ್ಣ ಗಾತ್ರದ ಪ್ರತಿಕೃತಿ ನೋಡಿರ್ತಾರೆ. ಮಕ್ಕಳು ಅದರ ಮುಂದೆ ಅರ್ಧ ನಿಮಿಷ ನಿಂತು ಸಿಮ್ಯುಲೇಟರ್ ಕಡೆ ಓಡ್ತಾರೆ, ಪಾಪ ಅವರದ್ದೇನು ತಪ್ಪು. ಮುಂದಿನ ಸಲ ಹೋದ್ರೆ ಎರಡೂ ಕಡೆಯ ರೆಕ್ಕೆಯ ಉದ್ದ ಹೋಲಿಸಿ. ಅಸಲಿಯಲ್ಲಿ ಬಲ ರೆಕ್ಕೆ ನಾಲ್ಕು ಅಂಗುಲ ಉದ್ದ ಇತ್ತು. ಪೈಲಟ್ ಎಡಕ್ಕೆ ಮಲಗುತ್ತಿದ್ದ, ಎಂಜಿನ್ ಬಲಕ್ಕೆ, ಅದರ ತೂಕ ಅವನಿಗಿಂತ ಜಾಸ್ತಿ. ಅದಕ್ಕೆ ಆ ಕಡೆ ಸ್ವಲ್ಪ ಹೆಚ್ಚು ರೆಕ್ಕೆ. ಇಂಥದ್ದನ್ನ ಒಂದು ಬೋರ್ಡಿನಲ್ಲಿ ಕನ್ನಡದಲ್ಲಿ ಬರೆದು ನೇತುಹಾಕಿದ್ರೆ ಮಕ್ಕಳು ಇನ್ನೆರಡು ನಿಮಿಷ ನಿಲ್ಲಲ್ವಾ? ಅದೇ ವಿಮಾನದ ಶತಮಾನೋತ್ಸವಕ್ಕೆ, 2003ರ ಡಿಸೆಂಬರ್ 17ರಂದು, ಅಮೆರಿಕಾದಲ್ಲಿ ಒಂದು ತಂಡ ಎಳೆ ಎಳೆಯಾಗಿ ಅಸಲಿಯಂತೆಯೇ ಕಟ್ಟಿದ ಪ್ರತಿಕೃತಿಯನ್ನ ಅಧ್ಯಕ್ಷ ಬುಷ್ ಬಂದಿದ್ದ ಸಮಾರಂಭದಲ್ಲಿ ಹಾರಿಸೋಕೆ ಹೊರಟಿತು. ಹಿಂದಿನ ವಾರಗಳ ಪರೀಕ್ಷೆಯಲ್ಲಿ ಹಾರಿದ್ದ ವಿಮಾನ ಅದು. ಅವತ್ತು ಮಳೆ, ಸಾಕಷ್ಟು ಎದುರುಗಾಳಿ ಇಲ್ಲ. ಹಳಿಯ ತುದಿಗೆ ಹೋಗಿ ಕೆಸರಲ್ಲಿ ಕೂತುಬಿಟ್ಟಿತು. ಬೇರೆ ಎಂಜಿನ್ ಹಾಕಿದ್ರೆ ಸಾವಿರಾರು ಜನರ ಮುಂದೆ ಮಾನ ಉಳೀತಿತ್ತು. ಅವರು ಹಾಕಲಿಲ್ಲ. ನಾನು ನೋಡಿದ ವಿಮಾನದ ವಿಡಿಯೋಗಳಲ್ಲಿ ಅತಿ ಹೆಚ್ಚು ಸಲ ನೋಡಿದ್ದು ಇದನ್ನೇ, ಆ 1600 ವ್ಯಾಟಿನ ಗೆಳೆಯರಿಗೂ ಕಳಿಸಿದೀನಿ. ನೀಲಿ ಟಿಕ್ ಬಂದಿದೆ, ಉತ್ತರ ಬಂದಿಲ್ಲ.

ಅವರ ಮೇಲೆ ಇನ್ನೊಂದು ತಕರಾರು. ಅವರೊಬ್ಬರ ಮೇಲಲ್ಲ, ನಾವು ಬೆಂಗಳೂರಿನಲ್ಲಿ ಈ ಹುಚ್ಚು ಹಿಡಿಸಿಕೊಂಡ ಎಲ್ಲರ ಮೇಲೆ. ಕೆಂಗೇರಿ ಆಚೆ ಖಾಲಿ ಸೈಟುಗಳ ನಡುವೆ ಭಾನುವಾರ ಬೆಳಗ್ಗೆ ಹಾರೋದು ಇಂಗ್ಲೆಂಡಿನ ಟೈಗರ್ ಮಾತು, ಅಮೆರಿಕಾದ ಪೈಪರ್ ಕಬ್ಬು, ಜರ್ಮನಿಯ ಇನ್ನೊಂದು. ನಮ್ಮ ವಾಯುಪಡೆಯಲ್ಲಿ ಟೈಗರ್ ಮಾತ್ ಜಾಗಕ್ಕೆ ಬಂದ ವಿಮಾನ ಯಾವುದು ಗೊತ್ತಾ? ಇದೇ ಊರಿನಲ್ಲಿ, ಎಚ್‌ಎಎಲ್‌ನಲ್ಲಿ, ವಿ.ಎಂ. ಘಾಟಗೆಯವರ ತಂಡ ವಿನ್ಯಾಸ ಮಾಡಿದ ಎಚ್‌ಟಿ-2. 1951ರ ಆಗಸ್ಟಿನಲ್ಲಿ ಮೊದಲ ಸಲ ಹಾರಿತು. ಒಂದೇ ರೆಕ್ಕೆ, ಹಿಂದೆ ಮುಂದೆ ಎರಡು ಸೀಟು, ಬಾಲದಲ್ಲಿ ಚಕ್ರ. ಒಂದು ಎಚ್‌ಟಿ-2 ಎಚ್‌ಎಎಲ್ ಮ್ಯೂಸಿಯಮ್ಮಿನಲ್ಲಿ ನಿಂತಿದೆ. ಬಸವೇಶ್ವರನಗರದಿಂದ ಬಸ್ ಹತ್ತಿದ್ರೆ ಟ್ರಾಫಿಕ್ ಪಾಪಪುಣ್ಯ ನೋಡಿಕೊಂಡು ಎರಡು ಗಂಟೆಯೊಳಗೆ ಅದರ ಮುಂದೆ ನಿಂತಿರ್ತೀರಿ. ಟೈಗರ್ ಮಾತ್‌ಗೆ ಅಳತೆ ಮಾಡಿದ ಪ್ಲಾನು ಜಗತ್ತಿನ ತುಂಬಾ ಸಿಗುತ್ತೆ. ಎಚ್‌ಟಿ-2 ಕಟ್ಟಬೇಕಂದ್ರೆ ನಾವೇ ಫೋಟೋ ತೆಗೆದು, ನಾವೇ ಗೆರೆ ಎಳೆದು, ರಿಬ್ಬಿನ ಆಕಾರ ನಾವೇ ಯೋಚಿಸಬೇಕು. ನಿಜವಾದ ಸ್ಕ್ರಾಚು ಬೇಕು ಅನ್ನೋರಿಗೆ ಇದಕ್ಕಿಂತ ಒಳ್ಳೆ ಪರೀಕ್ಷೆ ಯಾವುದಿದೆ?

ಬೈಪ್ಲೇನ್ ಕಟ್ಟಿದವರಿಗೆ ಇದು ಕಷ್ಟ ಆಗಬಾರದು. ಹೊರಗೆ ಕಾಣೋ ತಂತಿಯ ಕೆಲಸವನ್ನೆಲ್ಲ ರೆಕ್ಕೆಯೊಳಗಿನ ತೊಲೆ ಹೇಗೆ ನುಂಗಿಕೊಂಡಿತು ಅಂತ ಬೈಪ್ಲೇನ್ ಕಟ್ಟಿದ ಮೇಲೆ ಗೊತ್ತಾಗುತ್ತೆ. ಯಾರಾದರೂ ಮೂರು ಕಡೆಯಿಂದ ಸರಿಯಾದ ಡ್ರಾಯಿಂಗ್ ಮಾಡಿ ತಂದ್ರೆ ರಾಜಾಜಿನಗರದಲ್ಲಿ ರಿಬ್ ಕತ್ತರಿಸೋ ಕೂಲಿ ನನ್ನದು. ಆಷಾಢದ ಗಾಳಿ ನಿಲ್ಲೋ ತನಕ ಹೇಗೂ ಯಾರೂ ಏನೂ ಹಾರಿಸೋ ಹಾಗಿಲ್ಲ, ಕೂತು ಗೆರೆ ಎಳೆಯೋಕೆ ಟೈಮಿದೆ. ಮೋಟರ್ ಮಾತ್ರ ಲೆಕ್ಕ ಹಾಕಿ ತನ್ನಿ.