ಮಣಿಯದ ಸರಳಿನ ಮೇಲೆ ಏಕಿಷ್ಟು ನಂಬಿಕೆ?

ತುಕ್ಕು ಹಿಡಿಯುವುದಿಲ್ಲ, ತೂಕ ಕಬ್ಬಿಣದ ಕಾಲು ಭಾಗ, ಬಲ ಮಾತ್ರ ಹೆಚ್ಚು. ಗಾಜಿನ ನಾರು ಮತ್ತು ಪಾಲಿಮರ್ ಸೇರಿಸಿ ಮಾಡಿದ ಸರಳಿನ ಬಗ್ಗೆ ಮನೆ ಕಟ್ಟುವವರ ಕಿವಿಗೆ ಈಗ ಬೀಳುತ್ತಿರುವ ಮಾತು ಇದು. ಮೂರೂ ಹೆಚ್ಚುಕಡಿಮೆ ನಿಜ. ಆದರೆ ಇಷ್ಟನ್ನೇ ನಂಬಿ ಬೀಮಿನಿಂದ 12 ಎಂಎಂ ಕಬ್ಬಿಣ ತೆಗೆದು ಅಲ್ಲಿ 10 ಎಂಎಂ ನಾರಿನ ಸರಳು ಕೂರಿಸಬಹುದು ಎನ್ನುವುದು ಅಪಾಯದ ಲೆಕ್ಕ. ಉಕ್ಕು, ನಾರು ಎರಡನ್ನೂ ಕೂಡಿಸಿದ ಮಿಶ್ರ ಸರಳಿನಲ್ಲಿ 'ಎರಡರ ಗುಣವೂ ಸಿಗುತ್ತದೆ' ಎಂಬ ಮಾತು ಕೂಡ ಅರ್ಧ ಮಾತ್ರ ಸರಿ.

ಮೊದಲು ಬೀಮಿನ ಲೆಕ್ಕ ನೋಡೋಣ. 12 ಎಂಎಂನ ಎಫ್‌ಇ 500 ದರ್ಜೆಯ ಉಕ್ಕಿನ ಸರಳು ಸುಮಾರು 56 ಕಿಲೋನ್ಯೂಟನ್ ಎಳೆತಕ್ಕೆ ಮಣಿಯುತ್ತದೆ. 800 ಮೆಗಾಪ್ಯಾಸ್ಕಲ್ ಬಲದ 10 ಎಂಎಂ ನಾರಿನ ಸರಳು ತುಂಡಾಗಲು ಸುಮಾರು 63 ಕಿಲೋನ್ಯೂಟನ್ ಬೇಕು. ಬಲದಲ್ಲಿ ಅದು ಸೋತಿಲ್ಲ. ಆದರೆ ಉಕ್ಕಿನ ಸ್ಥಿತಿಸ್ಥಾಪಕ ಗುಣಾಂಕ 200 ಗಿಗಾಪ್ಯಾಸ್ಕಲ್, ಗಾಜಿನ ನಾರಿನದು ಸುಮಾರು 50. ಸರಳಿನ ದಪ್ಪವನ್ನೂ ಸೇರಿಸಿ ನೋಡಿದರೆ ಹೊಸ ಸರಳಿನ ಬಿಗುಪು, ಅಂದರೆ ಹಿಗ್ಗದೆ ತಡೆಯುವ ಗುಣ, ಹಳೆಯದರ ಆರನೇ ಒಂದು ಪಾಲಿಗಿಂತ ತುಸು ಹೆಚ್ಚು, ಅಷ್ಟೆ. ಬೀಮು ಮುರಿಯುವ ಮಾತು ಹಾಗಿರಲಿ, ಅದಕ್ಕೂ ಬಹಳ ಮೊದಲೇ ಜೋತು ಬೀಳುತ್ತದೆ, ಬಿರುಕು ಅಗಲವಾಗುತ್ತದೆ. ಮನೆಯಲ್ಲಿ ವಾಸ ಮಾಡುವವರಿಗೆ ದಿನವೂ ಕಾಣುವುದು ಆ ಬಿರುಕೇ.

ಅದಕ್ಕಿಂತ ದೊಡ್ಡ ವ್ಯತ್ಯಾಸ ಕೊನೆಯ ಗಳಿಗೆಯದು. ಉಕ್ಕು ಮಿತಿ ಮುಟ್ಟಿದಾಗ ಮಣಿದು ಉದ್ದವಾಗುತ್ತದೆ. ಎಫ್‌ಇ 500ಡಿ ದರ್ಜೆಯ ಸರಳು ತುಂಡಾಗುವ ಮೊದಲು ಕನಿಷ್ಠ ಶೇ 16ರಷ್ಟು ಹಿಗ್ಗಬೇಕೆಂದು ಭಾರತೀಯ ಮಾನಕ 1786 ಹೇಳುತ್ತದೆ. ಅಷ್ಟರಲ್ಲಿ ಬೀಮು ಬಾಗುತ್ತದೆ, ಗಾರೆ ಉದುರುತ್ತದೆ, ಒಳಗಿದ್ದವರು ಹೊರಗೆ ಓಡಬಹುದು. ನಾರಿನ ಸರಳಿಗೆ ಮಣಿಯುವುದೇ ಗೊತ್ತಿಲ್ಲ. ಶೇ 2ರ ಆಸುಪಾಸು ಹಿಗ್ಗಿ ಒಮ್ಮೆಗೇ ಹರಿಯುತ್ತದೆ.

'ಕಬ್ಬಿಣವೇ ರೋಗ, ಕಬ್ಬಿಣವಿಲ್ಲದ ಬಾಗಳಿ ಗುಡಿ ಸಾವಿರ ವರ್ಷ ನಿಂತಿಲ್ಲವೇ' ಎಂದು ಕೇಳುವವರಿದ್ದಾರೆ. ನಿಂತಿದೆ. ಹರಪನಹಳ್ಳಿ ತಾಲ್ಲೂಕಿನ ಬಾಗಳಿಯ ಕಲ್ಲೇಶ್ವರ ಗುಡಿ ರಾಷ್ಟ್ರಕೂಟರ ಕೊನೆಗಾಲಕ್ಕೂ ಚಾಲುಕ್ಯ ಎರಡನೇ ತೈಲಪನ ಕಾಲಕ್ಕೂ ಸೇರಿದ್ದು, ಬಳಪದ ಕಲ್ಲಿನದು. ಆದರೆ ಅಲ್ಲಿನ ಸಭಾಮಂಟಪದಲ್ಲಿ ಐವತ್ತರಷ್ಟು ಕಂಬಗಳು ಏಕೆ ಒತ್ತೊತ್ತಾಗಿ ನಿಂತಿವೆ ಎಂದೂ ಕೇಳಬೇಕು. ಕಲ್ಲು ಒತ್ತಡವನ್ನು ಎಷ್ಟು ಬೇಕಾದರೂ ಹೊರುತ್ತದೆ, ಎಳೆತವನ್ನು ತಾಳದು. ತೊಲೆಯ ಕೆಳಮೈ ಎಳೆತಕ್ಕೆ ಸಿಕ್ಕರೆ ಮುನ್ಸೂಚನೆಯಿಲ್ಲದೆ ಸೀಳುತ್ತದೆ. ಕಂಬದಿಂದ ಕಂಬಕ್ಕೆ ಅಂತರ ಕಿರಿದಾಗಿದ್ದಷ್ಟೂ ಕಲ್ಲಿನ ತೊಲೆ ಕ್ಷೇಮ. ನಮ್ಮ ಇಂದಿನ ಮನೆಗಳಿಗೆ ಹತ್ತು ಹನ್ನೆರಡು ಅಡಿ ತೆರಪು ಬೇಕು, ನಡುವೆ ಕಂಬ ಬೇಡ. ಆ ತೆರಪು ಕೊಟ್ಟದ್ದೇ ಮಣಿಯುವ ಉಕ್ಕು. ಬರೀ ನಾರಿನ ಸರಳು ಹಾಕುವುದೆಂದರೆ ಅದೇ ತೆರಪಿನಲ್ಲಿ ಕಲ್ಲಿನ ಸ್ವಭಾವವನ್ನು ಮತ್ತೆ ತಂದುಕೊಂಡಂತೆ.

ಇನ್ನು ಮಿಶ್ರ ಸರಳು: ನಡುವೆ ಉಕ್ಕಿನ ತಿರುಳು, ಸುತ್ತ ನಾರಿನ ಕವಚ. ನನಗೆ ಇದರಲ್ಲಿ ನಿಜವಾದ ಭರವಸೆಯಿದೆ. ಭರವಸೆ ಇರುವುದರಿಂದಲೇ ಅದರ ಲೆಕ್ಕ ಸರಿಯಾಗಿ ಆಗಬೇಕು. ಅರ್ಧ ಎಫ್‌ಇ 500 ಉಕ್ಕು, ಅರ್ಧ ಸಾವಿರ ಮೆಗಾಪ್ಯಾಸ್ಕಲ್ ಬಲದ ಗಾಜಿನ ನಾರು ಎಂದುಕೊಳ್ಳಿ. 500, 1000 ಕೂಡಿಸಿ ಭಾಗಿಸಿದರೆ 750 ಎಂದು ಹೇಳಿಬಿಡುತ್ತಾರೆ. ಆದರೆ ಉಕ್ಕು ಮಣಿಯುವುದು ಶೇ 0.25 ಹಿಗ್ಗಿದಾಗ. ಆಗ ನಾರು ಹೊತ್ತಿರುವುದು ತನ್ನ ಸಾಮರ್ಥ್ಯದ ಎಂಟನೇ ಒಂದು ಪಾಲು ಮಾತ್ರ. ಹಾಗಾಗಿ ಇಡೀ ಸರಳು ಸುಮಾರು 312 ಮೆಗಾಪ್ಯಾಸ್ಕಲ್‌ಗೇ ಮಣಿಯಲು ಶುರುಮಾಡುತ್ತದೆ. ಆರಂಭದ ಬಿಗುಪು 125 ಗಿಗಾಪ್ಯಾಸ್ಕಲ್, ಬರೀ ಉಕ್ಕಿಗಿಂತ ಕಡಿಮೆಯೇ.

ಅದರ ನಿಜವಾದ ಹೆಚ್ಚುಗಾರಿಕೆ ಮಣಿದ ಮೇಲೆ ಕಾಣಿಸುತ್ತದೆ. ಬರೀ ಉಕ್ಕು ಮಣಿದ ಮೇಲೆ ಹೆಚ್ಚಿನ ಹೊರೆಗೆ ಅಷ್ಟಾಗಿ ಪ್ರತಿರೋಧ ತೋರುವುದಿಲ್ಲ. ಮಿಶ್ರ ಸರಳಿನಲ್ಲಿ ನಾರು ಇನ್ನೂ ಎಳೆಯುತ್ತಿರುತ್ತದೆ, ಎರಡನೇ ಹಂತದ ಬಿಗುಪು ಉಳಿದಿರುತ್ತದೆ. ಹೊರೆ ಇಳಿದಾಗ ಬೀಮು ಬಹುಮಟ್ಟಿಗೆ ಮೊದಲಿನ ಸ್ಥಿತಿಗೆ ಹಿಂದಿರುಗುತ್ತದೆ. ಭೂಕಂಪಕ್ಕೆ ಸಿಕ್ಕ ಕಟ್ಟಡಕ್ಕೆ ಇದು ದೊಡ್ಡ ಗುಣ. ಕೊನೆಗೆ 750ರ ಹತ್ತಿರ ನಾರು ಹರಿದಾಗ ಸರಳಿನ ಬಲ ಒಮ್ಮೆಗೇ ಮೂರನೇ ಒಂದು ಪಾಲಿಗೆ ಇಳಿಯುತ್ತದೆ. ಉಳಿದ ಉಕ್ಕು ಆ ಹೊರೆ ತಡೆಯುತ್ತದೆಯೇ ಎಂಬುದು ತಿರುಳಿನ ದಪ್ಪದ ಮೇಲೆ ನಿಂತಿದೆ. ಅದನ್ನು ಹೇಳದೆ 'ಮಿಶ್ರ' ಎಂದು ಮಾರಿದರೆ ಏನನ್ನೂ ಹೇಳಿದಂತಾಗಲಿಲ್ಲ. ಕತ್ತರಿಸಿದ ತುದಿಯ ಕಡೆಗೂ ಕಣ್ಣಿಡಬೇಕು. ಅಲ್ಲಿ ತಿರುಳು ಬಯಲಾಗುತ್ತದೆ, ತೇವ ಕವಚದ ಒಳಮೈ ಹಿಡಿದು ನುಗ್ಗಬಹುದು. ನಾರಿನ ಭಾಗವನ್ನು ಸೈಟಿನಲ್ಲಿ ಬಗ್ಗಿಸಲೂ ಆಗುವುದಿಲ್ಲ. ಬೆಂಕಿ ಬಿದ್ದರೆ ನೂರು ಡಿಗ್ರಿ ದಾಟಿದ ಸ್ವಲ್ಪದರಲ್ಲೇ ಅದರ ಅಂಟು ಮೆತ್ತಗಾಗತೊಡಗುತ್ತದೆ.

ತುಕ್ಕಿನ ಮಾತಿಗೆ ಬಂದರೆ, ಬಾಗಳಿಯಂಥ ಒಳನಾಡಿನ ಊರಿನಲ್ಲಿ ಕಬ್ಬಿಣ ಕೆಡುವುದು ಸಮುದ್ರದ ಗಾಳಿಯಿಂದಲ್ಲ. ಕಾಂಕ್ರೀಟ್ ಹಾಕುವ ದಿನ ಸಜ್ಜದ ಸರಳನ್ನು ತುಳಿದು ಕೆಳಕ್ಕೆ ಇಳಿಸುತ್ತಾರೆ. ಕವರ್ ಬ್ಲಾಕ್ ಬದಲು ಜಲ್ಲಿಕಲ್ಲು ಸಿಕ್ಕಿಸುತ್ತಾರೆ. 20 ಎಂಎಂ ಇರಬೇಕಾದ ಹೊದಿಕೆ ಐದಕ್ಕೆ ಬಂದು ನಿಲ್ಲುತ್ತದೆ. ಕೊಳವೆಬಾವಿ ನೀರು ಸವುಳಾಗಿದ್ದರೂ ಅದನ್ನೇ ಕಲಸಲು ಬಳಸುತ್ತಾರೆ. ಸರಳಿರುವ ಕಾಂಕ್ರೀಟಿಗೆ ಬಳಸುವ ನೀರಿನಲ್ಲಿ ಲೀಟರಿಗೆ 500 ಮಿಲಿಗ್ರಾಂಗಿಂತ ಹೆಚ್ಚು ಕ್ಲೋರೈಡ್ ಇರಬಾರದು ಎಂಬ ಮಾನಕ 456ರ ಮಿತಿ ಯಾರ ನೆನಪಿಗೂ ಬರುವುದಿಲ್ಲ. ನೀರು ಹಾಯಿಸುವುದನ್ನು ಮೂರೇ ದಿನಕ್ಕೆ ನಿಲ್ಲಿಸುತ್ತಾರೆ. ಇಷ್ಟನ್ನು ಸರಿಪಡಿಸಿದರೆ ತೋರಣಗಲ್ಲಿನ ಕಾರ್ಖಾನೆಯ ಸಾಮಾನ್ಯ ಉಕ್ಕೇ ಮೊಮ್ಮಕ್ಕಳ ಕಾಲಕ್ಕೂ ಬಾಳುತ್ತದೆ. ಅದಕ್ಕೆ ದುಬಾರಿ ಸರಳು ಬೇಡ, ನಿಗಾ ಬೇಕು.

ಉಕ್ಕಿನ ಸರಳು, ನಾರಿನ ಸರಳು ಎರಡನ್ನೂ ಬಳಸುವ ಮಿಶ್ರ ಬಲವರ್ಧನೆಯ ಜಾಗ ಬೇರೆಯೇ ಇದೆ. ಕಾರವಾರ, ಮಂಗಳೂರಿನ ಕಡಲಂಚಿನ ಸೇತುವೆ, ಚರಂಡಿ ನೀರಿನ ಶುದ್ಧೀಕರಣದ ತೊಟ್ಟಿ, ಉಪ್ಪುನೀರು ತಾಗುವ ಅಡಿಪಾಯ. ಅಲ್ಲಿ ನಾರಿನ ಸರಳನ್ನು ಹೊರಮೈ ಕಡೆಗೆ, ಉಕ್ಕನ್ನು ಆಳದಲ್ಲಿ ದಪ್ಪ ಹೊದಿಕೆಯೊಳಗೆ ಇಟ್ಟರೆ ತುಕ್ಕೂ ದೂರ, ಮುನ್ಸೂಚನೆಯೂ ಉಳಿಯುತ್ತದೆ. ಆದರೆ ಯಾವ ಸರಳು ತಂದರೂ ಅಂಗಡಿಯಲ್ಲಿ 'ಎಷ್ಟಕ್ಕೆ ತುಂಡಾಗುತ್ತದೆ' ಎಂದು ಕೇಳಿ ಸುಮ್ಮನಾಗಬೇಡಿ. ಎಷ್ಟಕ್ಕೆ ಮಣಿಯುತ್ತದೆ, ಮಣಿದ ಮೇಲೆ ಎಷ್ಟು ಹಿಗ್ಗುತ್ತದೆ ಎಂದು ಕೇಳಿ, ಅದನ್ನು ತೋರಿಸುವ ಪರೀಕ್ಷೆಯ ರೇಖೆಯನ್ನು ಕಾಗದದ ಮೇಲೆ ಪಡೆಯಿರಿ.