ತಳುಕಿನ ಬಿಸಿಲಲ್ಲಿ ನಿಂತು ಮಲೆನಾಡಿನ ಮಳೆಯನ್ನು ಓದುವುದು

ರೊಮ್ಯಾಂಟಿಕ್ ಕಾವ್ಯದಲ್ಲಿ ನಿಸರ್ಗ ಮನುಷ್ಯನಿಗಿಂತ ದೊಡ್ಡದು, ಅದರ ಎದುರು ಅವನ ಅಹಂಕಾರ ಕರಗುತ್ತದೆ ಎಂಬುದು ನಮ್ಮ ತರಗತಿಗಳಲ್ಲಿ ಯಾರೂ ಎದುರು ಪ್ರಶ್ನೆ ಹಾಕದೆ ಬರೆದುಕೊಂಡು ಬಂದ ಮಾತು. ಕದ್ದ ದೋಣಿಯಲ್ಲಿ ಹೊರಟ ಹುಡುಗ ವರ್ಡ್ಸ್‌ವರ್ತ್‌ನನ್ನು ಬೆಟ್ಟವೇ ಎದ್ದು ಬೆನ್ನಟ್ಟಿದಂತಾಗುವುದು, ಮಾಂಟ್ ಬ್ಲಾಂಕ್ ಕಂಡು ಶೆಲ್ಲಿ ಬೆರಗಾಗುವುದು, ಎಲ್ಲವೂ ಇದಕ್ಕೆ ಸಾಕ್ಷಿ. ಬಿ.ಎಂ.ಶ್ರೀ. ಅವರ ‘ಇಂಗ್ಲಿಷ್ ಗೀತಗಳು’ ತೆರೆದ ದಾರಿಯಲ್ಲಿ ಈ ಬೆರಗು ನವೋದಯಕ್ಕೆ ಬಂತು, ಮಲೆನಾಡಿನ ಮಳೆಯಲ್ಲಿ ನೆನೆದು ನಮ್ಮದೇ ಆಯಿತು. ಅದನ್ನ ಬರೀ ಎರವಲು ಅನ್ನೋಕೆ ನಾನು ತಯಾರಿಲ್ಲ. ನನ್ನ ತಕರಾರು ಬೇರೆ. ನಿಸರ್ಗದ ಎದುರು ಸಣ್ಣವನಾಗುವ ಈ ‘ಮನುಷ್ಯ’ ಯಾರು? ಅವನು ಯಾವ ನೆಲದ ಮೇಲೆ ನಿಂತು ನೋಡ್ತಿದ್ದಾನೆ?

ಈ ಪ್ರಶ್ನೆಯನ್ನು ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯಿಂದ ಕೇಳುವುದಕ್ಕೆ ಕಾರಣವಿದೆ. ಕನ್ನಡದ ದೊಡ್ಡ ನಿಸರ್ಗ ಕವಿ ಕುವೆಂಪು ತಮ್ಮ ‘ಶ್ರೀ ರಾಮಾಯಣ ದರ್ಶನಂ’ ಅನ್ನು ಅರ್ಪಿಸಿದ್ದು ಗುರು ಟಿ.ಎಸ್. ವೆಂಕಣ್ಣಯ್ಯನವರಿಗೆ. 1885ರಲ್ಲಿ ಹುಟ್ಟಿದ ವೆಂಕಣ್ಣಯ್ಯನವರು ಚಳ್ಳಕೆರೆ ತಾಲೂಕಿನ ತಳುಕಿನವರು. ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ಸೀಮೆಗಳಲ್ಲಿ ಇದೊಂದು. ವರ್ಷಕ್ಕೆ 500 ಮಿಲಿಮೀಟರ್ ಆಸುಪಾಸು, ಅದೂ ಬಂದರೆ ಬಂತು. ಬಟಾಬಯಲ ಊರಿನ ಗುರು, ಮಳೆಕಾಡಿನ ಶಿಷ್ಯ. ನಮ್ಮ ವಿಮರ್ಶೆ ಈ ಗುರುಶಿಷ್ಯ ಸಂಬಂಧದ ಬಗ್ಗೆ ಕಣ್ತುಂಬಿಕೊಂಡು ಬರೆದಿದೆ. ಗುರುವಿನ ಊರಿನ ಬಿಸಿಲು ನಮ್ಮ ನಿಸರ್ಗ ಕಾವ್ಯದಲ್ಲಿ ಎಲ್ಲಿ ಹೋಯಿತು ಎಂದು ಮಾತ್ರ ಕೇಳಿಲ್ಲ. ಹಸಿರಿದ್ದಲ್ಲಿ ನಿಸರ್ಗ, ಇಲ್ಲದಿದ್ದಲ್ಲಿ ಬರೀ ಬಯಲು ಎಂಬ ತೀರ್ಮಾನ ಒಳಗೊಳಗೇ ಆಗಿಹೋಗಿತ್ತು.

ಮನುಷ್ಯನ ಮೇಲೆ ನಿಸರ್ಗದ ಬಲ ಎಷ್ಟು ಅಂತ ತಿಳಿಯಬೇಕಾದರೆ ಈ ಸೀಮೆಗಿಂತ ಒಳ್ಳೆಯ ಪಾಠಶಾಲೆ ಬೇಕೆ? ಶೇಂಗಾ ಹೂವಾಡಿ ಊಡು ನೆಲಕ್ಕಿಳಿಯುವ ಹೊತ್ತಿನಲ್ಲಿ ಒಂದು ಹದ ಮಳೆ ತಪ್ಪಿದರೆ ವರ್ಷದ ಬದುಕು ತಪ್ಪಿತು. ಆದರೆ ಆ ಬಲ ಎಲ್ಲರನ್ನೂ ಒಂದೇ ಸಮ ಸಣ್ಣವರನ್ನಾಗಿ ಮಾಡೋದಿಲ್ಲ. ನಾನು ಒತ್ತಿ ಹೇಳಬೇಕೆಂದಿರುವ ಮಾತು ಇದು. ರೊಮ್ಯಾಂಟಿಕ್ ಕಾವ್ಯದಲ್ಲಿ ಬೆಟ್ಟಕ್ಕೂ ಕವಿಗೂ ನಡುವೆ ಮತ್ತೊಬ್ಬನಿಲ್ಲ. ಇಲ್ಲಿ ಮುಗಿಲಿಗೂ ಮನುಷ್ಯನಿಗೂ ನಡುವೆ ಬಾವಿ ಇದೆ, ಬಾವಿಗೆ ಒಡೆಯನಿದ್ದಾನೆ, ಕೆರೆಗೆ ತೂಬಿದೆ, ತೂಬಿನ ಕೆಳಗಿನ ಗದ್ದೆಗೆ ಜಾತಿ ಇದೆ. ಬರದಲ್ಲಿ ಮೊದಲು ಸಾಯೋದು ದನ. ಸತ್ತ ದನವನ್ನು ಊರಾಚೆ ಎಳೆದುಹಾಕುವ ಕೆಲಸ ತಲೆತಲಾಂತರದಿಂದ ಯಾರ ಪಾಲಿನದು? ಎಲ್ಲರ ಕೆಲಸ ನಿಂತುಹೋದಾಗ ಒಂದು ಕೇರಿಗೆ ಮಾತ್ರ ಬರ ಹೆಚ್ಚಿನ ಬಿಟ್ಟಿ ದುಡಿಮೆ ಕೊಡುತ್ತದೆ. ಈ ‘ಭವ್ಯತೆ’ಗೆ ಯಾವ ಕಾವ್ಯಮೀಮಾಂಸೆಯಲ್ಲಿ ಜಾಗವಿದೆ ಹೇಳಿ?

1876–78ರ ಧಾತು-ಈಶ್ವರ ಬರವನ್ನೇ ನೋಡಿ. 1871ರ ಗಣತಿಯಲ್ಲಿ 50 ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರ ಹೊತ್ತಿಗೆ 42 ಲಕ್ಷದ ಆಸುಪಾಸಿಗೆ ಇಳಿದಿತ್ತು. ಪೆಸಿಫಿಕ್ ಸಾಗರ ಕಾದು ಮುಂಗಾರು ಕೈಕೊಟ್ಟಿತ್ತು ಎಂದು ಇವತ್ತಿನ ವಿಜ್ಞಾನ ಹೇಳುತ್ತದೆ. ಸರಿ, ಅದು ನಿಸರ್ಗದ ಕೈ. ಆದರೆ ಅದೇ ವರ್ಷಗಳಲ್ಲಿ ಹಿಂದೂಸ್ಥಾನದ ಬಂದರುಗಳಿಂದ ಗೋಧಿ ಇಂಗ್ಲೆಂಡಿಗೆ ಹಡಗು ಹತ್ತುತ್ತಿತ್ತು. ಅದು ಯಾರ ಕೈ?

ಹಾಗಂತ ರೊಮ್ಯಾಂಟಿಕ್ ಕವಿಗಳನ್ನೆಲ್ಲ ಒಟ್ಟಿಗೇ ಕಟ್ಟಿ ಬಾವಿಗೆ ಹಾಕಬೇಕಿಲ್ಲ. ಕೋಲ್‌ರಿಜ್‌ನ ಮುದಿ ನಾವಿಕನ ಕತೆಯಲ್ಲಿ ಗಾಳಿ ನಿಂತ ಕಡಲಿನ ನಡುವೆ ಬಾಯಾರಿ ಸಾಯುವ ಜನರಿದ್ದಾರೆ. ಸುತ್ತ ನೀರಿದ್ದೂ ಕುಡಿಯಲಾಗದ ಆ ಸಂಕಟ ಸವರ್ಣರ ಬಾವಿಕಟ್ಟೆಯಿಂದ ದೂರ ನಿಂತು ಕೊಡ ಒಡ್ಡಿದವರಿಗೆ ಟಿಪ್ಪಣಿ ಇಲ್ಲದೆ ಅರ್ಥವಾಗುತ್ತದೆ. ಕವಿ ಅದನ್ನ ನಮಗಾಗಿ ಬರೆಯಲಿಲ್ಲ, ನಿಜ. ಓದುವ ಹಕ್ಕು ನಮ್ಮದು.

ಕುವೆಂಪು ವಿಷಯದಲ್ಲಿ ಇನ್ನೂ ಸೂಕ್ಷ್ಮವಾಗಿ ನೋಡಬೇಕು. ಅವರ ಕವಿತೆಯ ನೇಗಿಲ ಹಿಡಿದವನು ಯೋಗಿ. ಯೋಗಿ ಅಂದಮೇಲೆ ಕೂಲಿ ಕೇಳುವ ಹಾಗಿಲ್ಲ, ಹೊಲ ಯಾರದು ಅಂತ ವಿಚಾರಿಸೋ ಹಾಗೂ ಇಲ್ಲ. ಆದರೆ ಅದೇ ಲೇಖಕ 1967ರಲ್ಲಿ ‘ಮಲೆಗಳಲ್ಲಿ ಮದುಮಗಳು’ ಬರೆದಾಗ ಆ ಕಾಡಿಗೆ ಯಜಮಾನರು, ಜೀತದವರು, ಹೊಲೆಗೇರಿ ಎಲ್ಲ ಬಂದುಬಿಡುತ್ತವೆ. ಜೀತದಾಳು ಗುತ್ತಿಗೆ ಕಾಡು ಬೆರಗಲ್ಲ, ದಾರಿ. ಒಡೆಯರ ಕೆಲಸಕ್ಕೆ ಓಡಾಡುವ ದಾರಿ, ತಿಮ್ಮಿಯನ್ನು ಹಾರಿಸಿಕೊಂಡು ಹೋಗುವ ದಾರಿ. ತುಂಬಿದ ತುಂಗೆಯಲ್ಲಿ ಅವನ ನಾಯಿ ಹುಲಿಯ ಕೊಚ್ಚಿಹೋಗುವಾಗ ನಿಸರ್ಗದ ಬಲ ಏನು ಅಂತ ತಿಳಿಯುತ್ತೆ. ಕವಿತೆಗಳ ನೂರು ಸೂರ್ಯೋದಯಗಳಲ್ಲಿ ಅದು ನನಗೆ ಹೀಗೆ ತಿಳಿದಿರಲಿಲ್ಲ. ಕವಿ ಕುವೆಂಪು ನೋಡುವವನ ನಿಸರ್ಗವನ್ನು ಬರೆದರೆ, ಕಾದಂಬರಿಕಾರ ಕುವೆಂಪು ದುಡಿಯುವವನ ನಿಸರ್ಗವನ್ನೂ ಬರೆದರು. ನಮ್ಮ ಪಠ್ಯಪುಸ್ತಕಗಳು ಮೊದಲನೆಯವರನ್ನೇ ಹಿಡಿದುಕೊಂಡವು. ಬಯಲುಸೀಮೆಯಿಂದ ಮಲೆನಾಡಿನ ಕಾಫಿ ತೋಟಗಳಿಗೆ, ಅಡಕೆ ಕೊಯ್ಲಿಗೆ ಗುಳೆ ಹೋದ ಕುಟುಂಬಗಳ ಮಕ್ಕಳೂ ಅದೇ ಪಠ್ಯ ಓದಿ ಪಾಸಾದವು. ಅಪ್ಪ ಅವ್ವ ಕಂಡ ಮಲೆನಾಡು ಬೇರೆ, ಪರೀಕ್ಷೆಯಲ್ಲಿ ಬರೆಯಬೇಕಾದ ಮಲೆನಾಡು ಬೇರೆ.

ಈ ಸೀಮೆಯ ಜನ ನಿಸರ್ಗದ ಜೊತೆ ಮಾತಾಡಿದ ರೀತಿಯೂ ಬೇರೆ. ಮಣ್ಣಿನ ಮಳೆರಾಯನನ್ನು ಮಣೆ ಮೇಲಿಟ್ಟು, ತಲೆ ಮೇಲೆ ಹೊತ್ತು ಹುಡುಗರು ಮನೆ ಮನೆಗೆ ಹೋಗ್ತಾರೆ. ಮನೆಯವರು ನೀರು ಸುರಿಯುತ್ತಾರೆ, ಕಾಳು ಕೊಡುತ್ತಾರೆ. ಅಲ್ಲಿ ಶರಣಾಗತಿ ಎಷ್ಟಿದೆಯೋ ಜಗಳವೂ ಅಷ್ಟೇ ಇದೆ. ಗೌರಸಮುದ್ರದ ಮಾರಮ್ಮನ ಮುಂದೆ ಹರಕೆ ಹೊರುವವರೂ ಲೆಕ್ಕಾಚಾರದ ಮಾತೇ ಆಡುವುದು: ಇದು ಕೊಡು, ಇದು ತಗೋ. ಯಲಗಟ್ಟದ ಗೊಲ್ಲರಹಟ್ಟಿಯ ಸಿರಿಯಜ್ಜಿಯ ಹಾಡುಗಳನ್ನು ಕೃಷ್ಣಮೂರ್ತಿ ಹನೂರರು ‘ಸಾವಿರದ ಸಿರಿಬೆಳಗು’ ಎಂದು ಪುಸ್ತಕ ಮಾಡಿದ ಮೇಲಾದರೂ ಈ ಒಣನೆಲದಲ್ಲಿ ಎಂಥ ಕಾವ್ಯವಿತ್ತು ಎಂಬುದು ಓದುವ ಜನಕ್ಕೆ ಗೊತ್ತಾಯಿತು. ಆದರೆ ದಲಿತ ವಿಮರ್ಶೆ ಮೌಖಿಕ ಪರಂಪರೆ ಎಂದ ಕೂಡಲೇ ಕೈಮುಗಿಯಬಾರದು. ಹಾಡು ಹುಟ್ಟಿದ ಕಾಡುಗೊಲ್ಲರ ಹಟ್ಟಿಗೂ ಮೈಲಿಗೆಯ ಬೇಲಿ ಇದೆ. ಮುಟ್ಟಾದ ಹೆಣ್ಣನ್ನು ಹೊರಗಿಟ್ಟದ್ದೂ ಅದೇ ಬೇಲಿ. ನವೋದಯಕ್ಕೆ ಹಾಕುವ ಪ್ರಶ್ನೆಯನ್ನು ಜಾನಪದಕ್ಕೂ ಹಾಕಲೇಬೇಕು.

ಹಸಿರನ್ನು ಮಾತ್ರ ನಿಸರ್ಗ ಅಂದುಕೊಂಡ ಕಣ್ಣು ಕಾವ್ಯದಲ್ಲೇ ಉಳಿದಿದ್ದರೆ ಇಷ್ಟು ಬರೆಯಬೇಕಿರಲಿಲ್ಲ. ದೇವರ ಎತ್ತು, ಕುರಿ, ದನ ಮೇದು ಬದುಕಿದ ಚಳ್ಳಕೆರೆಯ ಅಮೃತಮಹಲ್ ಕಾವಲುಗಳಲ್ಲಿ 8,000 ಎಕರೆಗೂ ಹೆಚ್ಚನ್ನು 2008ರ ನಂತರದ ಕೆಲವೇ ವರ್ಷಗಳಲ್ಲಿ ರಕ್ಷಣಾ, ಅಣು, ಬಾಹ್ಯಾಕಾಶ ಸಂಸ್ಥೆಗಳಿಗೂ ವಿಜ್ಞಾನ ಮಂದಿರಕ್ಕೂ ಕೊಟ್ಟಾಯಿತು. ಗೋಡೆ ಎದ್ದಿತು, ಜನ ಹಸಿರು ನ್ಯಾಯಮಂಡಳಿಯ ಬಾಗಿಲು ತಟ್ಟಿದರು. ಪಶ್ಚಿಮಘಟ್ಟದ ಒಂದು ಕಾಡಿಗೆ ಇದೇ ಆಗಿದ್ದರೆ ಎಷ್ಟು ಕವಿಗಳು ಬೀದಿಗಿಳಿಯುತ್ತಿದ್ದರು! ಇಲ್ಲಿ ಹೋದದ್ದು ಹುಲ್ಲು. ಹುಲ್ಲಿಗೆ ನಮ್ಮಲ್ಲಿ ಕವಿಗಳು ಕಡಿಮೆ. 1973ರಲ್ಲಿ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯವನ್ನು ಬೂಸಾ ಅಂದಾಗ ಎದ್ದ ಗಲಾಟೆ ನೆನಪಿದೆಯಲ್ಲ? ಬರಗಾಲದ ಗೋಶಾಲೆ ಮುಂದೆ ಸಾಲು ನಿಂತವರಿಗೆ ಬೂಸಾ ಬೈಗುಳ ಅಲ್ಲವೇ ಅಲ್ಲ.

ಸಿದ್ಧಲಿಂಗಯ್ಯನವರ ‘ಸಾವಿರಾರು ನದಿಗಳು’ 1979ರಲ್ಲಿ ಬಂತು. ಅಲ್ಲಿ ಬೆಟ್ಟವೂ ಜನರೇ, ಹೊಳೆಯೂ ಜನರೇ. ವರ್ಡ್ಸ್‌ವರ್ತ್‌ನ ಬೆಟ್ಟ ದೋಣಿ ಕದ್ದ ಹುಡುಗನನ್ನು ಬೆನ್ನಟ್ಟಿದರೆ, ಈ ಬೆಟ್ಟ ಬೆನ್ನಟ್ಟುವುದು ನೆಲ ನೀರು ಕದ್ದವರನ್ನು. ನಿಸರ್ಗದ ಬಲ ಇಲ್ಲಿ ಕೈ ಬದಲಾಯಿಸಿದೆ. ಆದರೂ ಈ ಸೀಮೆಯ ದಲಿತ ಕವಿಗೆ ತುಂಬು ಹೊಳೆಯ ರೂಪಕವೂ ಸ್ವಲ್ಪ ಎರವಲೇ. ವೇದಾವತಿ ವರ್ಷದ ಬಹುಪಾಲು ಮರಳು. ಮರಳಲ್ಲಿ ಒರತೆ ತೋಡಿ, ನೀರು ಜಿನುಗುವವರೆಗೂ ಕೊಡದ ಪಕ್ಕ ಕೂತ ಹೆಂಗಸು ಇನ್ನೂ ಕವಿತೆಯೊಳಕ್ಕೆ ಸರಿಯಾಗಿ ಬಂದಿಲ್ಲ.